ವಾಷಿಂಗ್ಟನ್ ಹೊಳೆಗೆ ಬೆಂಕಿ ಇಟ್ಟಾಗ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: 'ಗೋಬರ್ ಗ್ಯಾಸ್ ಗುಂಡಿಯಲ್ಲಿ ಮೀಥೇನ್ ಹುಟ್ಟುತ್ತದೆ, ಭತ್ತದ ಗದ್ದೆಯಲ್ಲೂ ಹುಟ್ಟುತ್ತದೆ, ಒಪ್ಪಿದೆ. ಹರಿಯುವ ಹೊಳೆಯಿಂದಲೂ ಬರುತ್ತದೆ ಅಂತೀರಲ್ಲ, ಅದು ಹೇಗೆ ಸ್ವಾಮಿ?'

ಅನುಮಾನ ನ್ಯಾಯವಾದದ್ದೇ. ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕವೆಂದರೆ ಆಗದು. ಬಂಡೆಯಿಂದ ಬಂಡೆಗೆ ಧುಮುಕುವ ನೀರಿನಲ್ಲಿ ಅದು ಧಾರಾಳವಾಗಿರುತ್ತದೆ. ಅದಕ್ಕೇ ಪರಿಸರ ವಿಜ್ಞಾನಿಗಳೂ ಬಹುಕಾಲ ಕೆರೆ, ಜೌಗುಗಳ ಬೆನ್ನು ಹತ್ತಿದರೇ ಹೊರತು ಹೊಳೆಗಳ ಕಡೆ ಅಷ್ಟಾಗಿ ತಿರುಗಲಿಲ್ಲ. ಹರಿಯುವ ನೀರು ಶುದ್ಧ ಎಂಬ ನಂಬಿಕೆ ನಮ್ಮ ಅಜ್ಜಿಯರಿಗೆ ಮಾತ್ರ ಇದ್ದದ್ದಲ್ಲ.

ಆದರೆ ಹೊಳೆಯ ತಳದಲ್ಲಿ ಏನಿದೆ ಎಂಬುದನ್ನು ಇನ್ನೂರ ನಲವತ್ತು ವರ್ಷಗಳ ಹಿಂದೆಯೇ ಒಬ್ಬ ಸೇನಾಪತಿ ಮತ್ತು ಒಬ್ಬ ಲೇಖಕ ಸೇರಿ ಬೆಳಕಿಗೆ ಹಿಡಿದಿದ್ದರು. ಸೇನಾಪತಿ ಜಾರ್ಜ್ ವಾಷಿಂಗ್ಟನ್. ಲೇಖಕ, ಅಮೆರಿಕದ ಕ್ರಾಂತಿಗೆ ಕರಪತ್ರ ಬರೆದ ಥಾಮಸ್ ಪೇನ್. 1783ರಲ್ಲಿ ಬ್ರಿಟಿಷರ ಜೊತೆಗಿನ ಯುದ್ಧ ಮುಗಿದು ಒಪ್ಪಂದಕ್ಕೆ ಸಹಿ ಬಿದ್ದಿತ್ತು. ವಾಷಿಂಗ್ಟನ್ ನ್ಯೂಜೆರ್ಸಿಯ ರಾಕಿ ಹಿಲ್‌ನಲ್ಲಿ ಬಿಡಾರ ಹೂಡಿದ್ದರು, ಪೇನ್ ಅವರ ಅತಿಥಿ. ಅಲ್ಲಿನ ಮಿಲ್‌ಸ್ಟೋನ್ ಹೊಳೆಗೆ ಬೆಂಕಿ ಹಚ್ಚಿದರೆ ಹತ್ತಿಕೊಳ್ಳುತ್ತದೆ ಎಂದು ಊರವರು ಹೇಳುತ್ತಿದ್ದರು. ಏನು ಉರಿಯುತ್ತದೆ ಎಂಬುದರ ಮೇಲೆ ಬಿಡಾರದಲ್ಲಿ ವಾದ ಹತ್ತಿತು. ನೀರಿನ ಮೇಲ್ಭಾಗದಲ್ಲಿ ತೇಲುವ ಡಾಂಬರಿನಂಥ ವಸ್ತು ಎಂದರು ಇಬ್ಬರು ಕರ್ನಲ್‌ಗಳು. ಅಲ್ಲ, ಕೆಸರಿನಿಂದ ಏಳುವ ಗಾಳಿ ಎಂದರು ವಾಷಿಂಗ್ಟನ್ ಮತ್ತು ಪೇನ್.

ವಾದವನ್ನು ಪ್ರಯೋಗದಿಂದಲೇ ತೀರಿಸಲು ನವೆಂಬರ್ 5ರ ಸಂಜೆ ಎಲ್ಲರೂ ಹೊಳೆಗಿಳಿದರು. ಹಿಟ್ಟಿನ ಗಿರಣಿಯ ಕಟ್ಟೆಯ ಹತ್ತಿರ ಚಪ್ಪಟೆ ತಳದ ದೋಣಿ. ಸೈನಿಕರು ಉದ್ದನೆಯ ಗಳ ಹಿಡಿದು ತಳದ ಕೆಸರನ್ನು ಕದಡಿದರು. ದೋಣಿಯ ಒಂದು ತುದಿಯಲ್ಲಿ ವಾಷಿಂಗ್ಟನ್, ಇನ್ನೊಂದರಲ್ಲಿ ಪೇನ್. ಇಬ್ಬರ ಕೈಯಲ್ಲೂ ತೋಟಾ ಸುತ್ತುವ ಕಾಗದದ ಸುರುಳಿ, ತುದಿಗೆ ಬೆಂಕಿ, ನೀರಿಗಿಂತ ಎರಡು ಮೂರು ಅಂಗುಲ ಮೇಲೆ. ಗುಳ್ಳೆಗಳು ದಬದಬನೆ ಎದ್ದವು. ವಾಷಿಂಗ್ಟನ್ನರ ಸುರುಳಿಯಿಂದ ಬೆಂಕಿ ಹೊರಟು ನೀರಿನ ಮೇಲ್ಮೈವರೆಗೂ ಇಳಿದದ್ದನ್ನು ಪೇನ್ ಕಂಡರು. ಕದಡಿದಾಗ ಮಾತ್ರ ಹತ್ತಿಕೊಳ್ಳುವುದಾದರೆ ಅದು ಮೇಲೆ ತೇಲುವ ಡಾಂಬರಾಗಿರಲು ಹೇಗೆ ಸಾಧ್ಯ? ವಾದ ಅಲ್ಲಿಗೆ ಮುಗಿಯಿತು.

ಇಟಲಿಯ ವೋಲ್ಟಾ 1776ರಲ್ಲೇ ಮಜ್ಜೋರೆ ಸರೋವರದ ಕೆಸರನ್ನು ಕೋಲಿನಿಂದ ಕೆದಕಿ, ಬೋರಲು ಹಾಕಿದ ಬಾಟಲಿಯಲ್ಲಿ ಇದೇ ಅನಿಲವನ್ನು, ಅಂದರೆ ಮೀಥೇನನ್ನು, ಹಿಡಿದಿದ್ದರು. ಹಾಗಿದ್ದರೂ ಸೇನಾಪತಿಯ ಪ್ರಯೋಗ ನನಗೆ ಹೆಚ್ಚು ಇಷ್ಟ. ತಮಾಷೆಯೆಂದರೆ ಪೇನ್ ಇದನ್ನು 1806ರಲ್ಲಿ ಬರೆದದ್ದು ಹಳದಿ ಜ್ವರದ ಕಾರಣ ಹೇಳಲು: ಕೆಸರಿನ ಗಾಳಿಯೇ ರೋಗ ತರುತ್ತದೆ ಎಂದು! ಪ್ರಯೋಗ ಸರಿ, ರೋಗದ ಕಾರಣ ಪೂರಾ ತಪ್ಪು. ಸೊಳ್ಳೆಯ ಪಾತ್ರ ಆಗಿನ್ನೂ ಸಾಬೀತಾಗಿರಲಿಲ್ಲ.

ಈಗ ಓದುಗರ ಪ್ರಶ್ನೆಗೆ. ನೀರು ಹರಿಯುತ್ತದೆ, ತಳದ ಹೂಳು ಹರಿಯುವುದಿಲ್ಲ. ಎಲೆ, ಬೇರು, ಕಸ ಕೊಳೆಯುತ್ತ ಅಲ್ಲಿದ್ದ ಆಮ್ಲಜನಕ ಮುಗಿದುಹೋಗುತ್ತದೆ. ಸ್ವಲ್ಪ ಆಳಕ್ಕೆ ಹೋದರೆ ಗೋಬರ್ ಗ್ಯಾಸ್ ಗುಂಡಿಯದೇ ವಾತಾವರಣ. ಅಲ್ಲಿ ಕೆಲಸ ಮಾಡುವವು ಬ್ಯಾಕ್ಟೀರಿಯಾಗಳಲ್ಲ, ಆರ್ಕಿಯಾಗಳು. (1977ರಲ್ಲಿ ಕಾರ್ಲ್ ವೋಸ್ ಜೀವಜಗತ್ತಿಗೆ ಮೂರನೆಯ ಕವಲೊಂದಿದೆ ಎಂದು ತೋರಿಸಿದ್ದು ಮೀಥೇನ್ ತಯಾರಿಸುವ ಈ ಜೀವಿಗಳ ಅಧ್ಯಯನದಿಂದಲೇ.) ಹುಟ್ಟಿದ ಮೀಥೇನ್ ನಿಧಾನವಾಗಿ ಮೇಲೇರಿದರೆ, ಹೂಳಿನ ಮೇಲ್ಪದರದಲ್ಲಿ ಅದನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ಬಹುಪಾಲು ಅವುಗಳ ಹೊಟ್ಟೆಗೇ. ಆದರೆ ಗುಳ್ಳೆಯಾಗಿ ಒಮ್ಮೆಲೇ ಎದ್ದ ಅನಿಲ ಅವುಗಳ ಕೈಗೆ ಸಿಗದೆ ಪಾರಾಗುತ್ತದೆ. ಹವೆಯ ಒತ್ತಡ ಇಳಿದಾಗ ಗೋಲಿ ಸೋಡಾದ ಗೋಲಿ ಒತ್ತಿದಂತೆ ಗುಳ್ಳೆಗಳು ಹೆಚ್ಚು. ಹಾಗಾಗಿ ಇವತ್ತು ಅಳೆದ ಜಾಗದಲ್ಲಿ ನಾಳೆ ಏನೂ ಸಿಗದೆ ಹೋಗಬಹುದು. ಅಳೆಯಲು ಇಂದಿಗೂ ಬಳಸುವುದು ನೀರಿನಲ್ಲಿ ಬೋರಲು ಮುಳುಗಿಸಿದ ಆಲಿಕೆಯನ್ನು, ಅಂದರೆ ವೋಲ್ಟಾನ ಬಾಟಲಿಯ ಮೊಮ್ಮಗನನ್ನು.

ಎಲ್ಲವೂ ಹೊಳೆಯೊಳಗೇ ಹುಟ್ಟಬೇಕೆಂದೂ ಇಲ್ಲ. ಅಕ್ಕಪಕ್ಕದ ಒದ್ದೆ ಮಣ್ಣಿನಲ್ಲಿ ತಯಾರಾದ ಮೀಥೇನ್ ಅಂತರ್ಜಲದೊಡನೆ ಜಿನುಗಿ ಸಣ್ಣ ತೊರೆಗಳನ್ನು ಸೇರುತ್ತದೆ. ಸ್ಫಟಿಕದಂತೆ ಕಾಣುವ ತೊರೆಯೂ ಗಾಳಿಗೆ ಮೀಥೇನ್ ಬಿಡುವುದು ಹೀಗೆ.

2023ರಲ್ಲಿ ಜೆರಾರ್ಡ್ ರೋಶೆ-ರೋಸ್ ಮತ್ತು ಸಂಗಡಿಗರು ಜಗತ್ತಿನ ಹೊಳೆಗಳ ಅಳತೆಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು: ವರ್ಷಕ್ಕೆ ಸುಮಾರು 2.8 ಕೋಟಿ ಟನ್ ಮೀಥೇನ್. ಕೆರೆ ಸರೋವರಗಳೆಲ್ಲ ಸೇರಿ ಬಿಡುವ ಪ್ರಮಾಣಕ್ಕೆ ಹೋಲಿಸಬಹುದಾದಷ್ಟು. ಉಷ್ಣವಲಯದ ಬೆಚ್ಚಗಿನ ನದಿಗಳೇ ಮುಖ್ಯ ಆರೋಪಿಗಳೆಂದು ಎಲ್ಲರೂ ಎಣಿಸಿದ್ದರು. ಆದರೆ ಹೊಳೆಗಳಲ್ಲಿ ತಾಪಮಾನದ ಪ್ರಭಾವ ಅಷ್ಟು ಜೋರಾಗಿಲ್ಲವಂತೆ. ಉತ್ತರ ಧ್ರುವದ ಸಮೀಪದ ಚಳಿ ನಾಡಿನ ತೊರೆಗಳೂ ಧಾರಾಳವಾಗಿ ಕೊಡುತ್ತಿವೆ. ಮನುಷ್ಯ ಕೆಣಕಿದ ಹೊಳೆಗಳಲ್ಲೂ ಪ್ರಮಾಣ ಹೆಚ್ಚು. ಒಡ್ಡಿನ ಹಿಂದೆ ಹೂಳು, ಹೂಳಿಗೆ ಊರಿನ ಚರಂಡಿ ಎಂದರೆ ಆರ್ಕಿಯಾಗಳಿಗೆ ಹಬ್ಬದೂಟ.

ಕೊಳ್ಳಿದೆವ್ವದ ಬಗ್ಗೆ ಹೇಳದಿದ್ದರೆ ಇನ್ನೊಂದು ಪತ್ರ ಬರುತ್ತದೆ. ರಾತ್ರಿ ಜೌಗಿನ ಮೇಲೆ ಬೆಳಕು ಕಂಡವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಅದಕ್ಕೆ ತಾಯತ ಕಟ್ಟಿ ದುಡ್ಡು ಕೀಳುವವರ ಮೇಲೆ ನನ್ನ ಸಿಟ್ಟು. ಆದರೆ 'ಅದು ಮೀಥೇನ್ ಕಣಯ್ಯಾ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ವಿಚಾರವಾದಿಯೂ ಅರ್ಧ ದಾರಿಯಲ್ಲೇ ನಿಂತವನು. ಮೀಥೇನ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ವಾಷಿಂಗ್ಟನ್ನರೂ ಬೆಂಕಿ ಒಯ್ದಿದ್ದರು. ಕಿಡಿ ಎಲ್ಲಿಂದ? 2025ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಜೇರ್ ತಂಡ ಒಂದು ಉತ್ತರ ಕೊಟ್ಟಿದೆ: ನೀರಿನಲ್ಲಿ ಮೀಥೇನ್‌ನ ಸೂಕ್ಷ್ಮ ಗುಳ್ಳೆಗಳ ನಡುವೆ ಪುಟಾಣಿ ಮಿಂಚು ಹಾರುತ್ತದೆ, ಅಷ್ಟೇ ಸಾಕು ಎಂದು. ಇದು ಪ್ರಯೋಗಾಲಯದಲ್ಲಿ ಕಂಡದ್ದು, ನೆನಪಿರಲಿ.

ಇಷ್ಟು ಅನಿಲವಿದ್ದರೆ ಹಿಡಿದು ಒಲೆ ಉರಿಸಬಾರದೇ ಎನ್ನುವ ಉತ್ಸಾಹಿಗಳೂ ಇದ್ದಾರೆ. ರುವಾಂಡಾ ಮತ್ತು ಕಾಂಗೋ ಗಡಿಯ ಕಿವು ಸರೋವರದಲ್ಲಿ ಹಾಗೆ ಮಾಡಿದ್ದಾರೆ. ಅಲ್ಲಿನ ಮೀಥೇನ್‌ನಿಂದ 26 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಘಟಕ ನಡೆಯುತ್ತದೆ. ಕಿವುವಿನ ಆಳದ ನೀರು ಮೇಲಿನ ನೀರಿನೊಡನೆ ಬೆರೆಯದೆ ಅನಿಲವನ್ನು ಕೂಡಿಟ್ಟುಕೊಂಡಿದೆ. ಹೊಳೆ ಏನನ್ನೂ ಕೂಡಿಡುವುದಿಲ್ಲ. ಸಾವಿರಾರು ಮೈಲಿ ಉದ್ದಕ್ಕೆ, ಇಲ್ಲೊಂದು ಗುಳ್ಳೆ ಅಲ್ಲೊಂದು ಗುಳ್ಳೆ ಎಂದು ಬಿಡುವ ಅನಿಲಕ್ಕೆ ಆಲಿಕೆ ಹಿಡಿಯುತ್ತ ಹೋದರೆ ಒಲೆ ಹತ್ತುವ ಹೊತ್ತಿಗೆ ಅಕ್ಕಿ ಹುಳ ಹಿಡಿದಿರುತ್ತದೆ.