ಕಡಲಿಗಿಳಿದ ಜೋಡೆತ್ತು

ಸಾಲಿನ ಕೊನೆ ಮುಟ್ಟಿದ ಕುಂಟೆಯನ್ನು ತಿರುಗಿಸುವ ಬಗೆಯನ್ನು ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಎಡಕ್ಕೆ ಹೊರಳಬೇಕಾದರೆ ಎಡಗೋಲಿನ ಎತ್ತನ್ನು ಹಗ್ಗ ಜಗ್ಗಿ ತಡೆಯುತ್ತಾನೆ, ಬಲಗೋಲಿನದಕ್ಕೆ ಬಾರುಕೋಲು ತೋರಿಸುತ್ತಾನೆ. ಜೋಡಿ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಎರಡು ಎಂಜಿನ್‌ಗಳ ದೊಡ್ಡ ವೇಗದೋಣಿಯನ್ನು ಬಂದರಿನ ಧಕ್ಕೆಯಲ್ಲಿ ತಿರುಗಿಸುವುದೂ ಹೆಚ್ಚುಕಡಿಮೆ ಹೀಗೆಯೇ. ಬಲಕ್ಕೆ ಹೊರಳಬೇಕೆಂದರೆ ಎಡದ ಎಂಜಿನ್ ಮುಂದಕ್ಕೆ, ಬಲದ್ದು ಹಿಂದಕ್ಕೆ. ಇಲ್ಲಿ ನೊಗ ಇಲ್ಲದಿರುವುದರಿಂದ ಒಂದು ಮುಂದೆ ನೂಕುವಾಗಲೇ ಇನ್ನೊಂದು ಹಿಂದಕ್ಕೆ ಎಳೆಯಬಲ್ಲದು. ಎತ್ತಿಗೆ ಆಗದ ಕೆಲಸ ಅದು.

ಬಯಲುಸೀಮೆಯವರಿಗೆ ಕಡಲದೋಣಿಯ ಗೊಡವೆ ಏಕೆ ಎಂದು ಕೇಳಬಹುದು. ನವಲಗುಂದದ ಬೆಣ್ಣೆಹಳ್ಳದ ನೀರು ಮಲಪ್ರಭೆ ಸೇರಿ ಪೂರ್ವಕ್ಕೆ ಹೋಗುತ್ತದೆ ನಿಜ. ಆದರೆ ಕಲಘಟಗಿಯ ಬೇಡ್ತಿ ಹೊಳೆ ಘಟ್ಟ ಇಳಿದು, ಗಂಗಾವಳಿ ಎನಿಸಿಕೊಂಡು ಅಂಕೋಲೆ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ನೀರು ಹೋದ ದಾರಿಯಲ್ಲೇ ಜನರೂ ಹೋಗುತ್ತಾರೆ. ರಜೆ ಬಂತೆಂದರೆ ಕಾರವಾರ, ಗೋಕರ್ಣ, ಮುರ್ಡೇಶ್ವರದ ದಂಡೆಗಳಲ್ಲಿ ಧಾರವಾಡ ಸೀಮೆಯ ಮಾತು ಕಿವಿಗೆ ಬೀಳುತ್ತದೆ.

ಆ ದಂಡೆಗಳ ಕಾವಲಿಗೆ ಈಗ ಜೋಡಿ ಎಂಜಿನ್‌ಗಳ ದೋಣಿಗಳಿವೆ. ಕೇಂದ್ರ ಸರ್ಕಾರದ ಕರಾವಳಿ ಭದ್ರತಾ ಯೋಜನೆ ಆರಂಭವಾದದ್ದು 2005ರಲ್ಲಿ. 2008ರ ನವೆಂಬರ್ 26ರಂದು ಹತ್ತು ಮಂದಿ ಉಗ್ರರು 'ಕುಬೇರ್' ಎಂಬ ಮೀನುಗಾರಿಕೆ ದೋಣಿಯನ್ನು ವಶಪಡಿಸಿಕೊಂಡು ಬಂದು, ರಬ್ಬರ್ ದೋಣಿಯಲ್ಲಿ ಮುಂಬೈ ದಡ ಹತ್ತಿದ ಮೇಲೆ ಯೋಜನೆಗೆ ಅವಸರ ಬಂತು. ಮೊದಲ ಹಂತದಲ್ಲಿ ಕರಾವಳಿ ರಾಜ್ಯಗಳ ಪೊಲೀಸರಿಗೆ 204 ದೋಣಿಗಳು ಸಿಕ್ಕವು. 12 ಟನ್ನಿನವು 120, 5 ಟನ್ನಿನವು 84. ಕರ್ನಾಟಕದ ಪಾಲೂ ಅದರಲ್ಲಿತ್ತು. ರಾಜ್ಯದ ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಮಲ್ಪೆ. ಮಂಗಳೂರಿನಿಂದ ಕಾರವಾರದವರೆಗೆ ಅದರ ಒಂಬತ್ತು ಠಾಣೆಗಳಿವೆ.

ಇಂಥ ದೋಣಿಯ ನಡೆ ತಿಳಿಯಬೇಕಾದರೆ ಮೊದಲು ಒಂದು ಮಾತು ಗಮನದಲ್ಲಿರಬೇಕು: ದೋಣಿಗೆ ಬ್ರೇಕ್ ಇಲ್ಲ. ಇನ್ನೊಂದು, ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ರಭಸದಿಂದ ಹರಿದಾಗ ಮಾತ್ರ. ಧಕ್ಕೆಯ ಹತ್ತಿರ, ನಿಧಾನಗತಿಯಲ್ಲಿ, ಗಾಳಿ ಪಕ್ಕದಿಂದ ತಳ್ಳುತ್ತಿರುವಾಗ ಚುಕ್ಕಾಣಿ ಬಹುಮಟ್ಟಿಗೆ ಅಲಂಕಾರದ ವಸ್ತು. ಆಗ ನಾವಿಕ ಅದನ್ನು ನೆಟ್ಟಗಿಟ್ಟು, ಎರಡು ಕೈಗಳಲ್ಲಿ ಎರಡು ಎಂಜಿನ್‌ಗಳ ಹಿಡಿಕೆ ಹಿಡಿದು ದೋಣಿ ನಡೆಸುತ್ತಾನೆ. ಒಂದೇ ಫ್ಯಾನಿನ ದೋಣಿ, ಮುಖ್ಯವಾಗಿ ಹಿಂದಕ್ಕೆ ಬರುವಾಗ, ಒಂದು ಪಕ್ಕಕ್ಕೆ ಸರಿಯುವ ಚಾಳಿಯುಳ್ಳದ್ದು. ಎರಡು ಫ್ಯಾನುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಆ ಚಾಳಿ ಪರಸ್ಪರ ವಜಾ ಆಗುತ್ತದೆ.

ವೇಗ ಬಂದಾಗ ಕಥೆಯೇ ಬೇರೆ. ನಿಧಾನವಾಗಿದ್ದಾಗ ದೋಣಿ ನೀರನ್ನು ಸೀಳುತ್ತಾ ಹೋಗುತ್ತದೆ. ಎಂಜಿನ್‌ನ ಜೋರು ಹೆಚ್ಚಿದಂತೆ ಮೂತಿ ಮೇಲೇಳುತ್ತದೆ, ಹಿಂಭಾಗ ಕುಸಿಯುತ್ತದೆ. ಏರು ಹತ್ತುವ ಹೇರುಗಾಡಿಯಂತೆ ಏದುಸಿರು ಬಿಡುತ್ತದೆ. ಆ ಏರು ದಾಟಿತೆಂದರೆ ದೋಣಿ ನೀರಿನ ಮೇಲೆ ಎದ್ದು ಕೂತು ಜಾರತೊಡಗುತ್ತದೆ. ಆಮೇಲೆ 35 ನಾಟ್, ಎಂದರೆ ಗಂಟೆಗೆ 65 ಕಿ.ಮೀ. ಓಟವೂ ಸಾಧ್ಯ. ಆದರೆ ಆ ವೇಗದಲ್ಲಿ ನೀರು ನೀರಾಗಿರುವುದಿಲ್ಲ, ಕಲ್ಲಾಗುತ್ತದೆ. ಪ್ರತಿ ಅಲೆಯೂ ಬೆನ್ನುಮೂಳೆಗೆ ಒಂದು ಪೆಟ್ಟು.

ಪೆಟ್ಟು ಕಡಿಮೆ ಮಾಡುವ ಉಪಾಯ ಅಮೆರಿಕದ ದೋಣಿ ವಿನ್ಯಾಸಕಾರ ರೇಮಂಡ್ ಹಂಟ್‌ನದು. ದೋಣಿಯ ತಳವನ್ನು ಚಪ್ಪಟೆ ಮಾಡದೆ, ಹಿಂಬದಿಯವರೆಗೂ ನೇಗಿಲಿನಂತೆ ಚೂಪಾಗಿ ಉಳಿಸಿದ. 1960ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಸ್ಸೌವರೆಗೆ ನಡೆದ ಸ್ಪರ್ಧೆಯಲ್ಲಿ ಅವನ ವಿನ್ಯಾಸದ, ಎರಡು ಎಂಜಿನ್‌ಗಳ 'ಮೋಪಿ' ಒರಟು ಕಡಲಿನಲ್ಲಿ ಗೆದ್ದಿತು. ಅಂದಿನಿಂದ ತೆರೆದ ಕಡಲಿಗೆ ಹೋಗುವ ವೇಗದೋಣಿಗಳಿಗೆ ಈ ತಳವೇ ಮಾದರಿಯಾಯಿತು.

ಎರಡು ಎಂಜಿನ್ ಇದ್ದರೆ ಒಂದು ಕೆಟ್ಟರೂ ಅರ್ಧ ವೇಗದಲ್ಲಿ ಬರಬಹುದೆಂಬುದು ಸಾಮಾನ್ಯ ತಿಳಿವಳಿಕೆ. ಇದು ಪೂರ್ತಿ ನಿಜವಲ್ಲ. ಒಂದೇ ಎಂಜಿನ್‌ನ ಬಲಕ್ಕೆ ದೋಣಿ ಆ ಏರನ್ನು ದಾಟುವುದು ಕಷ್ಟ. ದಾಟದಿದ್ದರೆ ವೇಗ ಅರ್ಧಕ್ಕಿಂತ ಬಹಳ ಕೆಳಗಿಳಿಯುತ್ತದೆ. ಜೊತೆಗೆ ಕುಂಟೆತ್ತಿನ ಜೋಡಿಯಂತೆ ಒಂದು ಕಡೆಗೇ ಎಳೆಯುತ್ತದೆ; ಚುಕ್ಕಾಣಿಯನ್ನು ಎದುರು ದಿಕ್ಕಿಗೆ ಒತ್ತಿ ಹಿಡಿಯಬೇಕು. ಆದರೂ ಮನೆ ಸೇರಬಹುದು, ಅದೇ ಮುಖ್ಯ. ಎರಡಕ್ಕೂ ಒಂದೇ ಟ್ಯಾಂಕಿನ ಡೀಸೆಲ್ ಇದ್ದು, ಅದರಲ್ಲಿ ನೀರು ಸೇರಿದರೆ ಮಾತ್ರ ಎರಡೂ ಒಟ್ಟಿಗೇ ನಿಲ್ಲುತ್ತವೆ. ಅದಕ್ಕಾಗಿಯೇ ಬಲ್ಲವರು ಟ್ಯಾಂಕು, ಫಿಲ್ಟರುಗಳನ್ನು ಬೇರೆಬೇರೆಯಾಗಿಯೇ ಇಡಿಸುತ್ತಾರೆ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ನಡೆಯುವುದು ಅಳಿವೆಯಲ್ಲಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಕಡಲು ಸೇರುವಲ್ಲಿ ಮರಳು ತಂದು ಸುರಿಯುತ್ತವೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲ ಅಲೆ ಒಳಗೆ ಬರುತ್ತದೆ. ಎರಡೂ ಡಿಕ್ಕಿಯಾದಲ್ಲಿ ಅಲೆ ಗೋಡೆಯಂತೆ ಏಳುತ್ತದೆ. ಒಳಗೆ ಬರುವ ದೋಣಿ ಅಲೆಯ ಬೆನ್ನ ಮೇಲೆಯೇ, ಅದರ ವೇಗದಲ್ಲೇ ಬರಬೇಕು. ಅವಸರಪಟ್ಟು ಅಲೆಯನ್ನು ಮೀರಿದರೆ ಮೂತಿ ಮುಂದಿನ ತಗ್ಗಿಗೆ ಕುತ್ತಿಕೊಂಡು ದೋಣಿ ಅಡ್ಡ ತಿರುಗುತ್ತದೆ. ಹೆದರಿ ಒಮ್ಮೆಲೇ ವೇಗ ಇಳಿಸಿದರೆ ಹಿಂದಿನ ಅಲೆ ಬಂದು ಒಳಗೇ ಬೀಳುತ್ತದೆ. ಇಲ್ಲಿ ಎಂಜಿನ್‌ನ ಬಲಕ್ಕಿಂತ ಅದನ್ನು ತಡೆದು ಬಳಸುವ ಕೈ ದೊಡ್ಡದು.

ಈ ನೀರಿನ ಗುಣ ಬಯಲುಸೀಮೆಗೆ ಗೊತ್ತಾದದ್ದು ಘೋರವಾಗಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಸತ್ತವರಲ್ಲಿ ಹಲವರು ಕುಂದಗೋಳಕ್ಕೆ ಹೊಂದಿಕೊಂಡ ಹಾವೇರಿ ಜಿಲ್ಲೆಯವರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಎಷ್ಟೇ ಎಂಜಿನ್ ಇರಲಿ, ಭಾರ ಮೇಲಾದ ದೋಣಿಯ ತೂಕ ಒಂದು ಪಕ್ಕಕ್ಕೆ ಸರಿದರೆ ಅದು ಮರಳಿ ನೆಟ್ಟಗಾಗುವುದಿಲ್ಲ. ಜಾತ್ರೆಗೆ ಹೇರುಗಾಡಿ ಕಟ್ಟುವವರು ಭಾರವನ್ನು ಅಚ್ಚಿನ ಮೇಲೆ ಸರಿದೂಗಿಸುತ್ತಾರೆ. ದೋಣಿ ಹತ್ತಿದ ಮೇಲೆ ಅಲೆ ನೋಡಲು ಎಲ್ಲರೂ ಒಂದೇ ಕಡೆ ಎದ್ದು ನಿಲ್ಲುತ್ತಾರೆ.

ದೋಣಿ ಕೊಡುವುದು ಸುಲಭ, ಸಾಕುವುದು ಕಷ್ಟ. ಪೊಲೀಸರ ದೋಣಿಗಳು ರಿಪೇರಿಯಿಲ್ಲದೆ, ನಡೆಸುವವರಿಲ್ಲದೆ ಧಕ್ಕೆಯಲ್ಲೇ ನಿಂತಿವೆಯೆಂದು ಮಹಾಲೇಖಪಾಲರ ವರದಿಗಳು ಒಂದಕ್ಕಿಂತ ಹೆಚ್ಚು ರಾಜ್ಯಗಳ ಬಗೆಗೆ ಹೇಳಿವೆ. ಉಪ್ಪುನೀರಿನಲ್ಲಿ ನಿಂತ ಎಂಜಿನ್ ಓಡಿದ ಎಂಜಿನ್‌ಗಿಂತ ಬೇಗ ಕೆಡುತ್ತದೆ. ಕಟ್ಟಿಹಾಕಿದ ಎತ್ತು ಮೈಗಳ್ಳವಾದಂತೆ ಎನ್ನೋಣ. ಠಾಣೆಯ ಕಾನ್‌ಸ್ಟೆಬಲ್‌ಗೆ ಕೆಲವು ವಾರಗಳಲ್ಲಿ ಎರಡು ಹಿಡಿಕೆಗಳ ಬಳಕೆ ಕಲಿಸಬಹುದು. ಆದರೆ ಅಳಿವೆಯ ಮರಳುದಿಬ್ಬ ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುತ್ತದೆ. ಅದು ಎಲ್ಲಿಗೆ ಸರಿಯಿತೆಂಬುದು ದಿನವೂ ಅಲ್ಲಿ ಹಾದುಹೋಗುವ ಮೀನುಗಾರನಿಗೆ ಗೊತ್ತು.