ಪುಣೆಯಲ್ಲಿ ತವರು, ಮುಂಬೈಯಲ್ಲಿ ಕಪ್: ಆ ರಾತ್ರಿ ಗೆದ್ದದ್ದು ಯಾರು?

2018ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ತನ್ನ ತವರಿನ ಪಂದ್ಯಗಳನ್ನು ಎಲ್ಲಿ ಆಡಿತ್ತು, ನೆನಪುಂಟಾ? ಪುಣೆಯಲ್ಲಿ. ಅದಕ್ಕೂ ಹಿಂದಿನ ವರ್ಷ ನಾಗಪುರದಲ್ಲಿ. ಮೊದಲ ಸೀಸನ್‌ಗಳಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಸೀಟಿ ಹೊಡೆದು ಗಂಟಲು ಹರಿದುಕೊಂಡಿದ್ದ ಬೆಂಗಳೂರಿನ ಜನ ಸತತ ಎರಡು ವರ್ಷ ತಮ್ಮ ತಂಡವನ್ನು ಟಿವಿಯಲ್ಲೇ ನೋಡಬೇಕಾಯಿತು. ಆಟಿಗೆ ತವರಿಗೆ ಹೊರಟ ಮದುಮಗಳನ್ನು ಬೇರೆ ಯಾರದ್ದೋ ಮನೆ ಬಾಗಿಲಲ್ಲಿ ಇಳಿಸಿದ ಹಾಗೆ. ಅಂಥ ತಂಡ ಆ ಸಲ 'ಬಿ' ವಲಯದಲ್ಲಿ ಮೊದಲ ಸ್ಥಾನ ಪಡೆಯಿತು, ಕೊಚ್ಚಿಯಲ್ಲಿ ಕ್ವಾಲಿಫೈಯರ್ ಗೆದ್ದಿತು, 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಮೊದಲ ಬಾರಿಗೆ ಕಪ್ ಎತ್ತಿತು. ಆ ಸೀಸನ್‌ನ ಒಂದೇ ಒಂದು ಪಂದ್ಯವನ್ನೂ ಬೆಂಗಳೂರಿನಲ್ಲಿ ಆಡದೆ!

ಅವತ್ತಿನಿಂದ ನಮ್ಮ ಗೆಳೆಯರ ನಡುವೆ ಒಂದು ಜಗಳ ಇನ್ನೂ ಮುಗಿದಿಲ್ಲ. ಅದು ನಮ್ಮ ಗೆಲುವಾ, ಅಲ್ವಾ?

ಜಗಳ ಯಾರ ಯಾರ ನಡುವೆ ಅಂತ ಮೊದಲು ಹೇಳಬೇಕು. ನನ್ನದು ಸಿದ್ದಕಟ್ಟೆ. ತಾಲೂಕು ಬಂಟ್ವಾಳ, ಆದರೆ ಬಟ್ಟೆಬರೆಗೆ, ಸಿನಿಮಾಕ್ಕೆ ಹೋಗುತ್ತಿದ್ದದ್ದು ಮೂಡುಬಿದಿರೆ ಪೇಟೆಗೆ. ಇಂಜಿನಿಯರಿಂಗ್ ಓದುವಾಗ ಜೊತೆಯಾದವರಲ್ಲಿ ಒಬ್ಬ ಮೂಡುಬಿದಿರೆಯವನು, ಇನ್ನೊಬ್ಬ ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆ ಕಡೆಯವನು. ಈಗ ಮೂವರೂ ಬೆಂಗಳೂರಿನಲ್ಲಿ ಕಂಪ್ಯೂಟರ್ ಎದುರು ಕೂತು ಬೆನ್ನು ನೋಯಿಸಿಕೊಳ್ಳುವವರು. ನಾಲ್ಕನೆಯವರು ನನ್ನ ದೊಡ್ಡಮ್ಮನ ಮಗ, ಪುಂಜಾಲಕಟ್ಟೆಯ ಅಣ್ಣ. ನಮ್ಮಲ್ಲಿ ನಿಜವಾಗಿ ಕಬಡ್ಡಿ ಆಡಿದ್ದು ಅವರೊಬ್ಬರೇ. ಉಳಿದ ನಾವು ಅಂಕಣದ ಹೊರಗೆ ನಿಂತು ಬೊಬ್ಬೆ ಹಾಕಿದವರು.

ನಮ್ಮ ಕಡೆ ಕಬಡ್ಡಿ ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಮಳೆ ನಿಂತು ಗದ್ದೆ ಒಣಗಿದ ಮೇಲೆ ಶನಿವಾರ ಬಂತೆಂದರೆ ಎಲ್ಲಾದರೂ ಒಂದು ಕಡೆ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ'ದ ಬ್ಯಾನರ್ ಇರುತ್ತದೆ. ಯುವಕ ಮಂಡಲದವರೋ ಫ್ರೆಂಡ್ಸ್ ಸರ್ಕಲ್‌ನವರೋ ನಡೆಸುವುದು. ಪ್ರಥಮ ಇಷ್ಟು ನಗದು ಮತ್ತು ಶಾಶ್ವತ ಫಲಕ, ಬೆಸ್ಟ್ ರೈಡರ್‌ಗೆ ಒಂದು, ಬೆಸ್ಟ್ ಕ್ಯಾಚರ್‌ಗೆ ಒಂದು. 60 ಕೆ.ಜಿ. ವಿಭಾಗವಾದರೆ ಹುಡುಗರು ಹಿಂದಿನ ದಿನ ಊಟ ಬಿಟ್ಟು ತಕ್ಕಡಿ ಹತ್ತುತ್ತಾರೆ. ಒಂದು ಬದಿಯಲ್ಲಿ ಚರುಮುರಿ, ಇನ್ನೊಂದು ಬದಿಯಲ್ಲಿ ಆಮ್ಲೆಟ್ ಗಾಡಿ. ಮೈಕಿನವರು ತುಳು, ಕನ್ನಡ ಎರಡೂ ಬೆರೆಸಿ ವೀಕ್ಷಕ ವಿವರಣೆ ಕೊಡುತ್ತಾರೆ. ರಾತ್ರಿ 8ಕ್ಕೆ ಶುರು ಅಂತ ಬರೆದ ಪಂದ್ಯಾಟದ ಫೈನಲ್ ಬೆಳಗಿನ ಕೋಳಿ ಕೂಗುವ ಹೊತ್ತಿಗೆ ಮುಗಿದರೆ ಅದೇ ಪುಣ್ಯ.

ಇಂಥ ಗದ್ದೆಗಳಿಂದ ದೊಡ್ಡ ಅಂಕಣಕ್ಕೆ ಹೋದವರು ಇಲ್ಲವೆಂದಲ್ಲ. ಕಾರ್ಕಳ ಕಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಕಾರ್ಕಳದವರೇ ಆದ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿದ್ದರು. ಪುತ್ತೂರಿನ ಪ್ರಶಾಂತ್ ಕುಮಾರ್ ರೈ 2018ರಲ್ಲಿ ಯು.ಪಿ. ಯೋಧ ತಂಡದ ರೈಡರ್. ಆ ಸಲ ಯು.ಪಿ. ತಂಡ ಫೈನಲಿಗೆ ಒಂದೇ ಹೆಜ್ಜೆ ಬಾಕಿ ಇರುವಾಗ ಗುಜರಾತ್ ಎದುರು ಸೋತಿತ್ತು. ಹಾಗಾಗಿ ಜನವರಿ 5ಕ್ಕೆ ನಮ್ಮ ಊರಿನವರಿಗೆ ಗುಜರಾತ್ ಮೇಲೆ ಎರಡೆರಡು ಸಿಟ್ಟು.

ಆ ದಿನ ಶನಿವಾರ. ಗುರುವಾಯನಕೆರೆಯ ಗೆಳೆಯನ ಊರಲ್ಲಿ ಪಂದ್ಯಾಟ ಇತ್ತು. ನಾವೆಲ್ಲ ಬೆಂಗಳೂರಿಂದ ಶುಕ್ರವಾರ ರಾತ್ರಿಯ ಬಸ್ಸು ಹಿಡಿದು ಬಂದಿದ್ದೆವು. ಇಲ್ಲಿ ಪಂದ್ಯಾಟ, ಅಲ್ಲಿ ಮುಂಬೈಯಲ್ಲಿ ಫೈನಲ್, ಎರಡೂ ರಾತ್ರಿ 8 ಗಂಟೆಗೆ. ಸಂಘಟಕರು ಜಾಣರು. ಉದ್ಘಾಟನೆಯ ಭಾಷಣಗಳನ್ನು ಸ್ವಲ್ಪ ಉದ್ದ ಬಿಟ್ಟರು. ಸ್ಕೋರ್ ಬರೆಯುವ ಮೇಜಿನ ಮೇಲೆ ನೀರಿನ ಬಾಟಲಿಗೆ ಒಂದು ಮೊಬೈಲ್ ಒರಗಿಸಿ ಇಟ್ಟರು. ಆರು ಇಂಚಿನ ಆ ಪರದೆಯ ಸುತ್ತ ನಲವತ್ತು ತಲೆ.

ಮೊದಲಾರ್ಧ ನೋಡಲಾಗದ ಹಾಗಿತ್ತು. ಗುಜರಾತಿನ ಸುನಿಲ್ ಕುಮಾರ್, ಪರ್ವೇಶ್ ಭೈಂಸ್ವಾಲ್ ಕವರ್ ಜೋಡಿ ಆ ವರ್ಷದ ಗಟ್ಟಿ ಗೋಡೆ. ಈಚೆ ಸಚಿನ್ ರೈಡಿಂಗಿನಲ್ಲಿ ಅಂಕ ತರುತ್ತಿದ್ದರು. ವಿರಾಮಕ್ಕೆ 16-9, ಗುಜರಾತ್ ಮುಂದೆ. ಮೂಡುಬಿದಿರೆಯವ ಎದ್ದು ಚರುಮುರಿ ತಿನ್ನಲು ಹೋದ. "2015ರಲ್ಲೂ ಇದೇ ಸ್ಟೇಡಿಯಂ ಮಾರಾಯ, ಇದೇ ಕಥೆ" ಅಂದ. ಅವನು ಹೇಳಿದ್ದು ಸರಿ. 2015ರ ಫೈನಲಿನಲ್ಲಿ ವರ್ಲಿಯ ಅದೇ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಬುಲ್ಸ್ ತಂಡ ಯು ಮುಂಬಾ ಎದುರು 30-36ರಿಂದ ಸೋತಿತ್ತು.

ಅಣ್ಣ ಮಾತ್ರ ಕದಲಲಿಲ್ಲ. "ಏಳು ಪಾಯಿಂಟ್ ಎಂತ ದೊಡ್ಡದಲ್ಲ. ಪವನ್ ಒಳಗಿದ್ರೆ ಆಯ್ತು" ಅಂದರು.

ಇದನ್ನು ಕಬಡ್ಡಿ ನೋಡದವರಿಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಪಂದ್ಯ ಇದರಲ್ಲೇ ಉಂಟು. ರೈಡರ್ ಹೋಗಿ ಎದುರಾಳಿಯೊಬ್ಬನನ್ನು ಮುಟ್ಟಿ ಬಂದರೆ ಅಂಕ ಒಂದೇ. ಆದರೆ ಅದರ ಜೊತೆಗೆ ಔಟ್ ಆಗಿ ಹೊರಗೆ ಕೂತ ನಮ್ಮವನೊಬ್ಬ ಎದ್ದು ಒಳಗೆ ಬರುತ್ತಾನೆ. ಅತ್ತ ಅವರದ್ದೊಂದು ತಲೆ ಕಡಿಮೆ, ಇತ್ತ ನಮ್ಮದೊಂದು ಜಾಸ್ತಿ. ಹೀಗೆ ನಾಲ್ಕೈದು ರೈಡ್ ಸರಿಯಾಗಿ ಬಿದ್ದರೆ ಅವರ ಏಳೂ ಮಂದಿ ಖಾಲಿ. ಆಲೌಟಿಗೆ ಮತ್ತೆ ಎರಡು ಅಂಕ. ಕ್ರಿಕೆಟಿನ ಹಾಗೆ ಔಟಾದವ ಪೆವಿಲಿಯನ್‌ನಲ್ಲೇ ಕೂತಿರಬೇಕಾಗಿಲ್ಲ. ಒಬ್ಬ ಒಳ್ಳೆಯ ರೈಡರ್ ಬದುಕಿರುವ ತನಕ ಯಾರೂ ಪೂರ್ತಿ ಔಟ್ ಅಲ್ಲ.

ಪವನ್ ಸೆಹ್ರಾವತ್ ದಿಲ್ಲಿಯ ಹುಡುಗ. ಮೊದಲು ಬುಲ್ಸ್‌ನಲ್ಲೇ ಇದ್ದ. 2017ರಲ್ಲಿ ಗುಜರಾತಿಗೆ ಹೋದ. ಅಲ್ಲಿ ಅವನಿಗೆ ಹೆಚ್ಚು ಅವಕಾಶ ಸಿಗಲಿಲ್ಲ. 2018ರಲ್ಲಿ ಮತ್ತೆ ಬುಲ್ಸ್‌ಗೆ ಬಂದು ಸೀಸನ್ ಪೂರ್ತಿ 271 ರೈಡ್ ಅಂಕ ಗಳಿಸಿದ, ಎಲ್ಲರಿಗಿಂತ ಹೆಚ್ಚು. ಈಗ ಫೈನಲಿನಲ್ಲಿ ಎದುರಿಗಿದ್ದದ್ದು ಅವನನ್ನು ಹೊರಗೆ ಕೂರಿಸಿದ್ದ ಅದೇ ಗುಜರಾತ್.

ಎರಡನೇ ಅರ್ಧದಲ್ಲಿ ಅವನು ಆಡಿದ್ದನ್ನು ಹೇಗೆ ಬರೆಯಲಿ? ಅಣ್ಣ ಪಕ್ಕದಲ್ಲಿ ನಿಂತು ರೈಡಿಗೊಂದು ವಾಕ್ಯ ಹೇಳುತ್ತಿದ್ದರು. "ನೋಡು, ಬೋನಸ್‌ಗೆ ಕಾಲು ಹಾಕ್ತೇನೆ ಅಂತ ತೋರಿಸ್ತಾನೆ, ಕಾರ್ನರ್‌ನವ ಆಸೆಗೆ ಬೀಳ್ತಾನೆ." "ಈಗ ಓಡಿದ್ದು ಹೆದರಿ ಅಲ್ಲ, ಅಟ್ಟಿಸಿಕೊಂಡು ಬರ್ಲಿ ಅಂತ." ನಾನು ಅಲ್ಲಿಯ ತನಕ ಪವನ್ ಹಾರುವುದನ್ನು ಮಾತ್ರ ನೋಡಿದ್ದೆ. ಹಾರುವ ಮೊದಲು ಅವನು ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾನೆ ಅಂತ ಅವತ್ತು ಗೊತ್ತಾಯಿತು. 30 ಸೆಕೆಂಡಿನಲ್ಲಿ 20 ಸೆಕೆಂಡು ಅವನು ಏನೂ ಮಾಡುವುದಿಲ್ಲ! ಎದುರಿನ ಏಳು ಮಂದಿಗೆ ಆ 20 ಸೆಕೆಂಡೇ ಕಷ್ಟ.

ಇಲ್ಲೊಂದು ತಮಾಷೆ. ಗದ್ದೆಯ ಮೇಲ್ಗಡೆ ಗುಡ್ಡದ ಬದಿಯಲ್ಲಿ ಒಂದು ಮನೆ, ಅಲ್ಲಿ ಟಿವಿ. ಮೊಬೈಲಿನಲ್ಲಿ ಸ್ಟ್ರೀಮಿಂಗ್ ಯಾವತ್ತೂ ಟಿವಿಗಿಂತ ಕೆಲವು ಸೆಕೆಂಡು ಹಿಂದೆಯೇ ಓಡುವುದು. ವಿಡಿಯೊವನ್ನು ತುಂಡು ತುಂಡು ಮಾಡಿ ಕಳಿಸುತ್ತಾರೆ, ಮೊಬೈಲು ಅದನ್ನು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹಾಗಾಗಿ ನಮ್ಮ ಪರದೆಯಲ್ಲಿ ಪವನ್ ಇನ್ನೂ ಗೆರೆ ದಾಟುವ ಮೊದಲೇ ಆ ಮನೆಯಿಂದ ಬೊಬ್ಬೆ ಕೇಳುತ್ತಿತ್ತು. ರೈಡ್ ಗೆಲ್ಲುತ್ತದೆ ಅಂತ ಮೊದಲೇ ಗೊತ್ತು, ಆದರೂ ನಲವತ್ತು ತಲೆ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಗುಡ್ಡದ ಮನೆ ಸುಮ್ಮನಾದರೆ ನಮ್ಮ ಎದೆ ಧಸಕ್.

ಇಲ್ಲಿ ಗದ್ದೆಯಲ್ಲಿ ಮೊದಲ ಪಂದ್ಯಕ್ಕೆ ತಂಡಗಳು ಇಳಿದು ನಿಂತಿದ್ದವು. ಅಂಪೈರ್ ಸೀಟಿ ಹಿಡಿದು ಮೇಜಿನ ಹತ್ತಿರವೇ ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಮೈಕಿನವರು 38-33 ಅಂತ ಕೂಗಿದಾಗ ಪಟಾಕಿ ಸಿಡಿಯಿತು. ಅದು ನಮ್ಮ ಪಂದ್ಯಾಟದ ವಿಜೇತರಿಗೆ ಅಂತ ತಂದಿಟ್ಟ ಪಟಾಕಿ. ಎರಡನೇ ಅರ್ಧದಲ್ಲಿ ಬುಲ್ಸ್ 29, ಗುಜರಾತ್ 17. ಒಟ್ಟು 38ರಲ್ಲಿ ಪವನ್ ಒಬ್ಬನದ್ದೇ 22.

ಜಗಳ ಅಲ್ಲಿಯೇ ಶುರುವಾಯಿತು. ಮೂಡುಬಿದಿರೆಯವ ಚರುಮುರಿ ಕಾಗದ ಮುದ್ದೆ ಮಾಡುತ್ತಾ, "ನೀವು ಯಾಕೆ ಕುಣಿಯುವುದು? ಇವತ್ತು ಅಂಕ ತಂದವರಲ್ಲಿ ಒಬ್ಬನಾದ್ರೂ ನಮ್ಮ ಊರಿನವ ಉಂಟಾ? ಹೋಮ್ ಗ್ರೌಂಡ್ ಪುಣೆ, ರೈಡರ್ ದಿಲ್ಲಿ, ಕಪ್ ಸಿಕ್ಕಿದ್ದು ಮುಂಬೈಯಲ್ಲಿ. ಬೆಂಗಳೂರು ಅಂತ ಅಂಗಿಯ ಮೇಲೆ ಬರೆದಿದೆ ಅಷ್ಟೆ" ಅಂದ.

ಗುರುವಾಯನಕೆರೆಯವನದ್ದು ಬೇರೆ ವಾದ. ನಮ್ಮ ಊರಿನ ಪಂದ್ಯಾಟಗಳಿಗೂ ಹೊರಗಿನ ಆಟಗಾರರನ್ನು ಕರೆಸುವುದಿಲ್ಲವಾ? ಮೂರು ಆಟಕ್ಕೆ ಇಷ್ಟು ಅಂತ ಮಾತಾಡಿ, ಬಸ್ ಚಾರ್ಜು ಕೊಟ್ಟು, ನಮ್ಮ ಅಂಗಿ ಹಾಕಿಸಿ ಇಳಿಸುತ್ತೇವೆ. ಫಲಕ ಬಂದ ಮೇಲೆ ಅದನ್ನು ಊರಿನ ಭಜನಾ ಮಂದಿರದಲ್ಲೇ ಇಡುವುದು, ಆಟಗಾರನ ಮನೆಯಲ್ಲಲ್ಲ. ಮೂಡುಬಿದಿರೆಯವನಿಗೆ ಇದಕ್ಕೆ ಉತ್ತರ ಸಿಗಲಿಲ್ಲ. ಆದರೆ ಒಪ್ಪಲೂ ಇಲ್ಲ.

ನನಗನಿಸುವುದು, ಅವನ ಪ್ರಶ್ನೆಯನ್ನು ಹಾಗೆ ತಳ್ಳಿಹಾಕಬಾರದು. ಲೀಗ್ ಬಂದು ಕಬಡ್ಡಿಗೆ ದುಡ್ಡು ಬಂತು, ಮರ್ಯಾದೆ ಬಂತು, ಖಂಡಿತ. ಆ ಕಪ್‌ನ ಬಹುಮಾನವೇ 3 ಕೋಟಿ ರೂಪಾಯಿ. ಆದರೆ ಮ್ಯಾಟ್ ಮೇಲೆ ಶೂ ಹಾಕಿ ಆಡುವ ಆಟಕ್ಕೂ ಗದ್ದೆಯ ಮಣ್ಣಿನಲ್ಲಿ ಬರಿಗಾಲಲ್ಲಿ ಆಡುವ ಆಟಕ್ಕೂ ವ್ಯತ್ಯಾಸ ಬಹಳ. ಮಣ್ಣಲ್ಲಿ ಜಾರಿ ತಪ್ಪಿಸಿಕೊಳ್ಳಬಹುದು. ಮ್ಯಾಟ್ ಕಾಲನ್ನು ಹಿಡಿಯುತ್ತದೆ, ಅಭ್ಯಾಸ ಇಲ್ಲದವನ ಮೊಣಕಾಲು ತಿರುಗುತ್ತದೆ.

ಅಣ್ಣನ ಮೊಣಕಾಲು ತಿರುಗಿದ್ದೂ ಹಾಗೆಯೇ, ಮೊದಲ ಸಲ ಮ್ಯಾಟ್ ಮೇಲೆ ಇಳಿದ ದಿನ. ಅದಕ್ಕೂ ಮೊದಲು ಒಂದು ಒಳ್ಳೆಯ ತಂಡದವರು ಅವರನ್ನು ಕರೆದು, ಒಂದು ಸೀಸನ್ ಪೂರ್ತಿ ಬದಲಿ ಆಟಗಾರನಾಗಿ ಕೂರಿಸಿದ್ದರು. ಪ್ರತಿ ಶನಿವಾರ ಬ್ಯಾಗ್ ಹೆಗಲಿಗೇರಿಸಿ ಹೋಗುವುದು, ಬೆಳಗ್ಗೆ ಅಂಗಿ ಕೊಳೆಯಾಗದೆ ವಾಪಸ್ ಬರುವುದು. ದೊಡ್ಡಮ್ಮ ಒಗೆಯಲು ಅಂಗಿ ಕೇಳಿದರೆ "ಬೇಡ, ಒಗೆಯುವಂಥದ್ದು ಎಂತ ಇಲ್ಲ" ಅನ್ನುತ್ತಿದ್ದರಂತೆ. ಕಾಲಿಗೆ ಪೆಟ್ಟಾದ ಮೇಲೆ ಆಟ ಬಿಟ್ಟರು. ಈಗ ಗೂಡ್ಸ್ ಟೆಂಪೊ ಉಂಟು, ಅಡಿಕೆ, ರಬ್ಬರ್ ಸಾಗಿಸುತ್ತಾರೆ. ಸಂಜೆ ಊರಿನ 60 ಕೆ.ಜಿ. ತಂಡದ ಹುಡುಗರಿಗೆ ಕಾಲು ಹೇಗೆ ಇಡುವುದೆಂದು ಹೇಳಿಕೊಡುತ್ತಾರೆ.

ಆ ರಾತ್ರಿ ನಮ್ಮ ವಾದಗಳನ್ನೆಲ್ಲ ಕೇಳಿ ಅವರು ಹೇಳಿದ್ದು ಇಷ್ಟೇ: "ಅವ ದಿಲ್ಲಿಯವನಾ ಬೆಂಗಳೂರಿನವನಾ ನನಗೆ ಗೊತ್ತಿಲ್ಲ. ಹೊರಗೆ ಕೂತಿದ್ದವ. ಅಷ್ಟು ಗೊತ್ತು." ಮತ್ತೆ ಮಾತಾಡಲಿಲ್ಲ. ಗದ್ದೆಯಲ್ಲಿ ಮೊದಲ ಪಂದ್ಯ ಶುರುವಾಗಿತ್ತು, ಅವರ ಹುಡುಗರಿಗೆ ಎರಡನೇ ಪಂದ್ಯ.

ಪವನ್ ಈಗ ಬುಲ್ಸ್‌ನಲ್ಲಿಲ್ಲ. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಕರೆದುಕೊಂಡಿತು. ಬುಲ್ಸ್ ಮತ್ತೊಮ್ಮೆ ಕಪ್ ಎತ್ತಿಲ್ಲ. 2019ರಲ್ಲಿ ತವರಿನ ಪಂದ್ಯಗಳು ಕಂಠೀರವಕ್ಕೆ ಮರಳಿದಾಗ ಅಣ್ಣನನ್ನು ಕರೆದೆ. ಶಿರಾಡಿ ಘಾಟಿ, ಮಳೆ, ಟೆಂಪೊ ಬಾಡಿಗೆ ಅಂತ ಬರಲಾಗಲಿಲ್ಲ.

ಆಮೇಲೆ ಕೊರೊನಾ. 2021ರ ಡಿಸೆಂಬರ್ 22ರಿಂದ ಎಂಟನೇ ಸೀಸನ್, ಹನ್ನೆರಡು ತಂಡಗಳ ಎಲ್ಲ ಪಂದ್ಯಗಳೂ ಬೆಂಗಳೂರಿನ ವೈಟ್‌ಫೀಲ್ಡಿನ ಶೆರಟನ್ ಗ್ರ್ಯಾಂಡ್ ಹೋಟೆಲಿನ ಒಳಗೆ. ಪ್ರೇಕ್ಷಕರಿಗೆ ಪ್ರವೇಶ ಇಲ್ಲ. ಹೂಡಿಯ ನನ್ನ ರೂಮಿನಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿ. ಎರಡು ವರ್ಷ ಬೆಂಗಳೂರಿನ ತಂಡಕ್ಕೆ ಬೆಂಗಳೂರು ಸಿಗಲಿಲ್ಲ, ಈಗ ಇಡೀ ಲೀಗೇ ಬೆಂಗಳೂರಿನಲ್ಲಿ, ಬಾಗಿಲು ಮುಚ್ಚಿಕೊಂಡು! ಮೊದಲ ದಿನವೇ ಬುಲ್ಸ್‌ಗೆ ಯು ಮುಂಬಾ ಎದುರಾಳಿ. ಅಣ್ಣ ಪುಂಜಾಲಕಟ್ಟೆಯಿಂದ ಫೋನ್ ಮಾಡಿದರು.

"ನೀನು ಅಲ್ಲೇ ಇರುವುದಲ್ವಾ, ಎಂತಾದ್ರೂ ಕೇಳ್ತದಾ?"

"ಇಲ್ಲಣ್ಣ, ರೂಮಲ್ಲೇ ಇದ್ದೇನೆ. ಮೊಬೈಲಲ್ಲಿ ನೋಡ್ತಾ ಇದ್ದೇನೆ. ಪವನ್ ಈಗ ರೈಡಿಗೆ ಹೊರಟ."

"ಹೊರಟದ್ದಾ? ನಮ್ಮ ಟಿವಿಯಲ್ಲಿ ಅವನನ್ನು ಹಿಡಿದೂ ಆಯ್ತು ಮಾರಾಯ" ಅಂದರು.

ಆ ದಿನ ಬುಲ್ಸ್ 30-46ರಿಂದ ಸೋತಿತು. ಕೊನೆಯ ತನಕ ಫೋನ್ ಇಡಲಿಲ್ಲ, ಇಬ್ಬರೂ.