ಚಾರ್ಜರ್ ಜಗಳ, ಗೀಸರ್ ಲೆಕ್ಕ

ಕರೆಂಟಿನ ವಿಷಯಕ್ಕೆ ಮಾತು ಬೆಳೆಯದ ಮನೆ ಕಡಿಮೆ. ಮೊಬೈಲ್ ತೆಗೆದುಕೊಂಡ ಮೇಲೂ ಚಾರ್ಜರ್‌ನ ಸ್ವಿಚ್ ಹಾಕಿಯೇ ಇದೆ ಎಂದು ಅಪ್ಪ ಗದರುತ್ತಾರೆ. ಬಚ್ಚಲಲ್ಲಿ ಗೀಸರ್ ಮುಕ್ಕಾಲು ಗಂಟೆಯಿಂದ ಉರಿಯುತ್ತಿದೆಯಲ್ಲ, ಅದನ್ನು ಯಾರೂ ಕೇಳುವುದಿಲ್ಲವೇ ಎಂದು ಮಗಳು ತಿರುಗಿ ಕೇಳುತ್ತಾಳೆ. ಅಲ್ಲಿಂದ ಮಾತು ಉಚಿತ ಕರೆಂಟಿಗೆ, ಎಲೆಕ್ಟ್ರಿಕ್ ಸ್ಕೂಟರಿಗೆ, ಕೊನೆಗೆ ಕಾರ್ಖಾನೆಗಳು ಮಾಡುವ ಮಾಲಿನ್ಯಕ್ಕೆ ಹೋಗಿ ನಿಲ್ಲುತ್ತದೆ. ಯಾರೂ ಸೋಲುವುದಿಲ್ಲ. ಅಂಕಿ ಯಾರ ಕೈಯಲ್ಲೂ ಇಲ್ಲದಿದ್ದರೆ ಸೋಲುವ ಪ್ರಮೇಯವೂ ಇಲ್ಲ.

ಹಾಗಾಗಿ ಅಂಕಿಯಿಂದಲೇ ಶುರು ಮಾಡಬಹುದು. ಫೋನ್ ಸಿಕ್ಕಿಸದೆ ಬಿಟ್ಟ ಈಗಿನ ಚಾರ್ಜರ್ ಎಳೆಯುವುದು ಹೆಚ್ಚೆಂದರೆ ಕಾಲು ವ್ಯಾಟ್. ವರ್ಷವಿಡೀ ಹಾಗೇ ಬಿಟ್ಟರೆ ಎರಡು ಯೂನಿಟ್ ಚಿಲ್ಲರೆ, ಅಂದರೆ ಹನ್ನೆರಡು ಹದಿಮೂರು ರೂಪಾಯಿ. ಇನ್ನು ಬಚ್ಚಲಿಗೆ ಹೋಗೋಣ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು ಹತ್ತಿರಹತ್ತಿರ ಅರ್ಧ ಯೂನಿಟ್ ಬೇಕು. ಎಷ್ಟು ಒಳ್ಳೆಯ ಗೀಸರ್ ತಂದರೂ ಇದರಲ್ಲಿ ಚೌಕಾಸಿಯಿಲ್ಲ, ನೀರಿನ ಗುಣವೇ ಹಾಗೆ. ನಾಲ್ಕು ಜನರ ಮನೆಯಲ್ಲಿ ಒಂದು ಬೆಳಗಿನ ಸ್ನಾನಕ್ಕೆ ಎರಡು ಯೂನಿಟ್ ಆಯಿತು. ಅಪ್ಪ ವರ್ಷಪೂರ್ತಿ ಗದರಿ ಉಳಿಸಿದ್ದು ಒಂದು ಸೋಮವಾರದ ಸ್ನಾನಕ್ಕೆ ಮುಗಿದುಹೋಯಿತು.

ಈ ಅಳತೆಯ ಗೊಂದಲ ನಮ್ಮದು ಮಾತ್ರವಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಡೇವಿಡ್ ಮೆಕೇ ಬ್ರಿಟನ್ನಿನಲ್ಲಿ ಇದೇ ಚಾರ್ಜರ್ ಉಪದೇಶ ಕೇಳಿ ಬೇಸತ್ತು ಲೆಕ್ಕ ಹಾಕಿದ್ದರು. ಇಡೀ ದಿನ ಚಾರ್ಜರ್ ಆರಿಸಿಟ್ಟರೆ ಉಳಿಯುವ ಶಕ್ತಿ, ಕಾರು ಒಂದು ಸೆಕೆಂಡ್ ಓಡಲು ಬೇಕಾದಷ್ಟು. ಅವರು ಮುಂದೆ ಬ್ರಿಟನ್ ಸರ್ಕಾರದ ಇಂಧನ ಇಲಾಖೆಗೆ ಮುಖ್ಯ ವೈಜ್ಞಾನಿಕ ಸಲಹೆಗಾರರಾದರು, 2016ರಲ್ಲಿ ತೀರಿಕೊಂಡರು. ಅಲ್ಪಸ್ವಲ್ಪ ಉಳಿಸಿ ಮನಸ್ಸಿಗೆ ಸಮಾಧಾನ ತಂದುಕೊಂಡವರು ದೊಡ್ಡ ಖರ್ಚಿನ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ಅವರ ತಕರಾರು.

ಕಣ್ಣಿಗೆ ಕಾಣುವುದರ ಮೇಲೇ ನಮ್ಮ ಸಿಟ್ಟೆಲ್ಲ. ಖಾಲಿ ಕೋಣೆಯಲ್ಲಿ ಉರಿಯುವ ದೀಪ ಎಲ್ಲರಿಗೂ ಕಾಣುತ್ತದೆ. ಅದು 9 ವ್ಯಾಟ್‌ನ ಎಲ್‌ಇಡಿಯಾದರೆ ರಾತ್ರಿ ಎಂಟು ಗಂಟೆ ಉರಿದರೂ ಒಂದು ಬಕೆಟ್ ಬಿಸಿನೀರಿನ ಆರನೇ ಒಂದು ಪಾಲಿನಷ್ಟೂ ಆಗುವುದಿಲ್ಲ. ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸ್ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ರಿಮೋಟ್‌ನಲ್ಲಿ ಆರಿಸಿದರೂ ಅನೇಕ ಬಾಕ್ಸ್‌ಗಳು ಹತ್ತು ವ್ಯಾಟ್‌ನಷ್ಟು ನುಂಗುತ್ತಲೇ ಇರುತ್ತವೆ. ತಿಂಗಳಿಗೆ ಏಳು ಯೂನಿಟ್. ಗೋಡೆಯ ಸ್ವಿಚ್ ಆರಿಸಬೇಕಾದದ್ದು ಇಲ್ಲಿ. ಅಪ್ಪನ ಗದರಿಕೆ ನಾಲ್ಕು ಅಡಿ ಆಚೆಗೆ ಬಿದ್ದಿದೆ, ಅಷ್ಟೇ.

ನೀರು ಕಾಯಿಸುವ ವಿಷಯದಲ್ಲಿ ಬೆಂಗಳೂರು ಒಂದು ಒಳ್ಳೆಯ ಕೆಲಸ ಮಾಡಿದೆ. ಊರಿನ ಯಾವ ಎತ್ತರದ ಕಟ್ಟಡದ ಮೇಲೆ ನಿಂತು ನೋಡಿದರೂ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್‌ಗಳ ಸಾಲು. ಅಲ್ಲಿನ ಜನಕ್ಕೆ ಪರಿಸರಪ್ರಜ್ಞೆ ಒಮ್ಮೆಲೇ ಉಕ್ಕಿ ಬಂದದ್ದಲ್ಲ. ಹೊಸ ಮನೆಗೆ ಕರೆಂಟ್ ಸಂಪರ್ಕ ಬೇಕಾದರೆ ಸೋಲಾರ್ ಹೀಟರ್ ಇರಬೇಕು ಎಂಬ ನಿಯಮ 2000ದ ದಶಕದಲ್ಲಿ ಬಂತು. ಜೊತೆಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟರು. ನಿಯಮವೂ ಇತ್ತು, ಸಣ್ಣ ಲಾಭವೂ ಇತ್ತು, ಉಳಿದದ್ದನ್ನು ಬಿಸಿಲು ನೋಡಿಕೊಂಡಿತು. ಮಳೆಗಾಲದಲ್ಲಿ ಮಾತ್ರ ಎಲ್ಲರೂ ಮತ್ತೆ ಗೀಸರ್ ಸ್ವಿಚ್ಚಿಗೆ ಕೈ ಹಾಕುತ್ತಾರೆ.

ಬಲ್ಬಿನ ಕಥೆಯೂ ಇಂಥದ್ದೇ. ಎಲ್‌ಇಡಿ ಒಳ್ಳೆಯದು ಎಂದು ಎಲ್ಲರಿಗೂ ಗೊತ್ತಿದ್ದರೂ ಬೆಲೆ ಕೇಳಿ ಹಿಂದೆ ಸರಿಯುತ್ತಿದ್ದರು. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ಕೇಂದ್ರದ ಸಾರ್ವಜನಿಕ ಸಂಸ್ಥೆಯೊಂದು ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಟೆಂಡರ್ ಕರೆದು ಕೊಂಡಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಎಸ್ಕಾಂ ಕೌಂಟರ್‌ಗಳಲ್ಲಿ ಬಲ್ಬ್ ಹಂಚಿದರು. ದೇಶದಲ್ಲಿ ಒಟ್ಟು 36 ಕೋಟಿಗೂ ಹೆಚ್ಚು ಹಂಚಿಕೆಯಾದವು. ದೀಪ ಆರಿಸಿ ಎಂದು ದಶಕಗಳ ಕಾಲ ಗೋಡೆಬರಹ ಬರೆದು ಆಗದ ಉಳಿತಾಯ ಒಂದು ಟೆಂಡರಿನಿಂದ ಆಯಿತು.

ಫ್ಯಾನಿನಲ್ಲಿ ಅದಿನ್ನೂ ಆಗಿಲ್ಲ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತೆಗೆದುಕೊಂಡರೆ ಬಿಎಲ್‌ಡಿಸಿ ಮೋಟರ್‌ನ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ ಹದಿನಾರು ಯೂನಿಟ್, ಆರು ರೂಪಾಯಿ ದರದಲ್ಲಿ ತೊಂಬತ್ತಾರು ರೂಪಾಯಿ ಉಳಿಯುತ್ತದೆ. ಹೆಚ್ಚಿಗೆ ಕೊಟ್ಟ ದುಡ್ಡು ಎರಡು ವರ್ಷದೊಳಗೆ ವಾಪಸು ಬರಬಹುದು. ಲೆಕ್ಕ ಇಷ್ಟು ಸರಳವಾಗಿದ್ದರೂ ಬಾಡಿಗೆ ಮನೆಯಲ್ಲಿ ಅದು ಓಡುವುದಿಲ್ಲ. ಫ್ಯಾನ್ ಕೊಳ್ಳುವವರು ಮಾಲೀಕರು, ಬಿಲ್ ಕಟ್ಟುವವರು ಬಾಡಿಗೆದಾರರು. ಅಗ್ಗದ ಫ್ಯಾನ್ ಹಾಕಿಸಿದ ಮಾಲೀಕನಿಗೆ ನಷ್ಟವಿಲ್ಲ, ದುಬಾರಿ ಫ್ಯಾನ್ ತರುವ ಬಾಡಿಗೆದಾರನಿಗೆ ಎಷ್ಟು ದಿನ ಇಲ್ಲಿರುತ್ತೇನೋ ಎಂಬ ಅನುಮಾನ.

ಇನ್ನು ಬಿಲ್ಲೇ ಸೊನ್ನೆಯಾದರೆ?

ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಬಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ನಡೆಯುವ ವಾದ ಎರಡೇ ಬಗೆಯದು. ಪುಕ್ಕಟೆ ಕೊಟ್ಟರೆ ಜನ ಪೋಲು ಮಾಡುತ್ತಾರೆ ಎನ್ನುವುದು ಒಂದು, ಬಡವರ ಮನೆಯಲ್ಲಿ ದೀಪ ಉರಿದರೆ ನಿಮಗೇಕೆ ಹೊಟ್ಟೆಯುರಿ ಎನ್ನುವುದು ಇನ್ನೊಂದು. ಯೋಜನೆಯ ನಿಯಮವನ್ನು ನೋಡಿದರೆ ಇಬ್ಬರ ಮಾತೂ ಪೂರ್ತಿ ಕೂಡುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಈ ಯೋಜನೆ ಎಲ್ಲರಿಗೂ 200 ಯೂನಿಟ್ ಉಚಿತ ಕೊಡುವುದಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಸಾಮಾನ್ಯವಾಗಿ ಅದಕ್ಕೆ ಶೇ 10 ಸೇರಿಸಿದ ಪ್ರಮಾಣ ಉಚಿತ. ಅದನ್ನು ದಾಟಿದರೆ ದಾಟಿದ ಯೂನಿಟ್‌ಗಳಿಗೆ ದುಡ್ಡು. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು.

ಅಂದರೆ ಸರಾಸರಿ 60 ಯೂನಿಟ್ ಬಳಸಿದ್ದ ಮನೆಗೆ 66 ಉಚಿತ, 180 ಬಳಸಿದ್ದ ಮನೆಗೆ 198. ಮೊದಲಿನಿಂದಲೂ ಕೈ ಹಿಡಿದು ಖರ್ಚು ಮಾಡಿದವರಿಗೆ ಪಾಲು ಕಡಿಮೆ, ಧಾರಾಳವಾಗಿ ಬಳಸಿದವರಿಗೆ ಹೆಚ್ಚು. ಪೋಲಾಗುತ್ತದೆ ಎನ್ನುವುದಕ್ಕಿಂತ ಇದು ಗಟ್ಟಿಯಾದ ಆಕ್ಷೇಪ. ಏಕೆಂದರೆ ಗಡಿಯ ಹತ್ತಿರ ಇರುವ ಮನೆಗಳಿಗೆ ಈ ನಿಯಮ ಬಿಗಿಯಾದ ಲಗಾಮನ್ನೇ ಹಾಕಿದೆ. 199ನೇ ಯೂನಿಟ್‌ನಲ್ಲಿ ನಿಂತವರು ಇನ್ನೆರಡು ಯೂನಿಟ್ ಸುಟ್ಟರೆ ಸಾವಿರಕ್ಕೂ ಮೇಲಿನ ಬಿಲ್ ಬರುತ್ತದೆ. ಮೀಟರ್ ರೀಡರ್ ಬರುವ ದಿನ ಹತ್ತಿರವಾದಂತೆ ಮೀಟರ್ ಪೆಟ್ಟಿಗೆಯನ್ನು ಇಣುಕಿ ನೋಡುವ ಅಭ್ಯಾಸ ಅನೇಕ ಮನೆಗಳಿಗೆ ಬಂದದ್ದು ಉಚಿತ ಕರೆಂಟ್ ಬಂದ ಮೇಲೆಯೇ. ಆದರೆ ಗಡಿಯಿಂದ ದೂರ ಇರುವವರಿಗೆ ಹದಿನಾರು ಯೂನಿಟ್ ಉಳಿಸುವ ಫ್ಯಾನ್ ಕೊಳ್ಳಲು ಕಾರಣವೇ ಇಲ್ಲ. ತಾರಸಿಗೆ ಸೋಲಾರ್ ಫಲಕ ಹಾಕಿಸಲು ಕೇಂದ್ರ ಸರ್ಕಾರ 78,000 ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ಬಿಲ್ಲೇ ಇಲ್ಲದವರಿಗೆ ಅದರಿಂದ ಉಳಿಯುವುದೇನು? ಒಂದು ಸರ್ಕಾರದ ಕೊಡುಗೆ ಇನ್ನೊಂದು ಸರ್ಕಾರದ ಕೊಡುಗೆಯನ್ನು ಸೋಲಿಸುತ್ತಿದೆ.

ಉಳಿಸಿದ ಇಂಧನ ನಿಜವಾಗಿಯೂ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಲ್ಲೇ ಎತ್ತಿದ್ದ. ಜೇಮ್ಸ್ ವಾಟ್‌ನ ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡಿತು, ಹಾಗಾಗಿಯೇ ಎಲ್ಲ ಕಡೆ ಯಂತ್ರಗಳು ಬಂದವು, ಒಟ್ಟು ಕಲ್ಲಿದ್ದಲು ಬಳಕೆ ಏರಿತು. ಎಲ್‌ಇಡಿ ಅಗ್ಗವಾದ ಮೇಲೆ ಗೃಹಪ್ರವೇಶಕ್ಕೂ ಗಣೇಶನ ಪೆಂಡಾಲಿಗೂ ಬೀದಿಯುದ್ದಕ್ಕೂ ಸರದೀಪ ತೂಗಿದ್ದು ಇದೇ ಬಗೆ. ಆದರೂ ಜೆವನ್ಸ್‌ನ ಹೆಸರು ಹೇಳಿ ಉಳಿತಾಯವೆಲ್ಲ ದಂಡ ಎನ್ನುವವರದು ಅತಿಯಾಯಿತು. 60 ವ್ಯಾಟ್‌ನ ಜಾಗಕ್ಕೆ 9 ವ್ಯಾಟ್ ಬಂದ ಮೇಲೆ ದೀಪಗಳನ್ನು ಎರಡು ಪಟ್ಟು ಮಾಡಿದರೂ ಲಾಭವೇ.

ಸ್ಕೂಟರಿನ ವಾದಕ್ಕೆ ಬರೋಣ. “ಎಲೆಕ್ಟ್ರಿಕ್ ಸ್ಕೂಟರಿಗೂ ಕರೆಂಟ್ ಬರುವುದು ರಾಯಚೂರಿನ ಕಲ್ಲಿದ್ದಲಿನಿಂದಲೇ ಅಲ್ಲವಾ?” ಎಂಬುದು ಪೆಟ್ರೋಲ್ ಪಕ್ಷದ ಬ್ರಹ್ಮಾಸ್ತ್ರ. ಪ್ರಶ್ನೆ ಸರಿಯಾಗಿದೆ. ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದು, ಸರಾಸರಿ ಒಂದು ಯೂನಿಟ್‌ಗೆ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನೂರು ಕಿಲೋಮೀಟರ್ ಓಡಲು ಸ್ಕೂಟರಿಗೆ ಚಾರ್ಜಿಂಗ್ ನಷ್ಟವೂ ಸೇರಿ ಮೂರೂವರೆ ಯೂನಿಟ್ ಎಂದುಕೊಂಡರೆ ಎರಡೂವರೆ ಕಿಲೋ. ಲೀಟರಿಗೆ 45 ಕಿಲೋಮೀಟರ್ ಕೊಡುವ ಪೆಟ್ರೋಲ್ ಸ್ಕೂಟರ್ ಅಷ್ಟೇ ದೂರಕ್ಕೆ ಐದು ಕಿಲೋ ಉಗುಳುತ್ತದೆ. ಕಲ್ಲಿದ್ದಲಿನ ಪಾಪ ಹೊತ್ತರೂ ಅರ್ಧಕ್ಕರ್ಧ ವಾಸಿ. ಬ್ಯಾಟರಿ ತಯಾರಿಸುವಾಗಿನ ಮಾಲಿನ್ಯ ಸೇರಿಸಿದರೆ ಅಂತರ ಇನ್ನಷ್ಟು ಕಿರಿದಾಗುತ್ತದೆ, ದಿನವೂ ಓಡಿಸುವವರಿಗೆ ಅದು ತುಂಬಿ ಬರುತ್ತದೆ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿಬರುವವರು ಹಳೆಯ ಸ್ಕೂಟರನ್ನೇ ಇಟ್ಟುಕೊಂಡರೆ ಅಪರಾಧವೇನಲ್ಲ.

ಚಾರ್ಜ್ ಮಾಡುವ ಹೊತ್ತು ಇಲ್ಲಿ ಮುಖ್ಯ. ಮಧ್ಯಾಹ್ನ ಪಾವಗಡದ 13,000 ಎಕರೆಯಲ್ಲಿ ಹರಡಿದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಬಿಸಿಲನ್ನು ಕರೆಂಟ್ ಮಾಡುತ್ತಿರುತ್ತದೆ. ಸಂಜೆ ಏಳಕ್ಕೆ ಮನೆಗೆ ಬಂದು ಎಲ್ಲರೂ ಸ್ಕೂಟರ್, ಟಿವಿ, ಮಿಕ್ಸಿ ಎಲ್ಲಕ್ಕೂ ಒಟ್ಟಿಗೆ ಸ್ವಿಚ್ ಹಾಕುವಾಗ ಅಲ್ಲಿ ಕತ್ತಲು. ಆ ಕೊರತೆ ತುಂಬಲು ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕು ಎನ್ನುತ್ತಾರೆ. ಹಗಲು ನೀರನ್ನು ಮೇಲಕ್ಕೆತ್ತಿ, ರಾತ್ರಿ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ವ್ಯವಸ್ಥೆ ಅದು. ಆ ಕಣಿವೆಯ ಕಾಡು ಸಿಂಗಳೀಕಗಳ ಮನೆ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟ ಅನೇಕ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿರುವುದೂ ಅಲ್ಲಿಯೇ. ಬೆಂಗಳೂರಿನ ಬಿಲ್ಲಿನಲ್ಲಿ ಈ ಖರ್ಚಿಗೆ ಕಾಲಂ ಇಲ್ಲ.

ಹಾಗಾದರೆ ಹೊಣೆ ಯಾರದು? ಇಲ್ಲಿ ಎರಡು ವಾದಗಳು ಎದುರುಬದುರಾಗುತ್ತವೆ, ಎರಡರಲ್ಲೂ ಸ್ವಲ್ಪ ಕಳ್ಳಲೆಕ್ಕ ಇದೆ. ‘ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು’ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಅಳೆದುಕೊಳ್ಳುವ ಪರಿಪಾಠವನ್ನು ಜನಪ್ರಿಯಗೊಳಿಸಿದವರಲ್ಲಿ ಬ್ರಿಟಿಷ್ ತೈಲ ಕಂಪನಿ ಬಿಪಿ ಕೂಡ ಒಂದು. 2004ರ ಸುಮಾರಿಗೆ ಅದಕ್ಕಾಗಿ ಕ್ಯಾಲ್ಕುಲೇಟರನ್ನೇ ಒದಗಿಸಿತ್ತು. ತೈಲ ಮಾರುವವರು ಕೊಳ್ಳುವವರಿಗೆ ಪಾಪದ ಪಟ್ಟಿ ಕೊಟ್ಟಂತೆ. ಇದಕ್ಕೆ ಉತ್ತರವಾಗಿ ಹೇಳುವ ಮಾತು, ನೂರು ಕಂಪನಿಗಳೇ ಶೇ 71ರಷ್ಟು ಮಾಲಿನ್ಯಕ್ಕೆ ಕಾರಣ, ನಮ್ಮ ಫ್ಯಾನ್ ಯಾವ ಲೆಕ್ಕ ಎಂಬುದು. ಅದು 2017ರ ಕಾರ್ಬನ್ ಮೇಜರ್ಸ್ ವರದಿಯ ಅಂಕಿ. ಆ ಪಟ್ಟಿಯಲ್ಲಿರುವವರು ಕಲ್ಲಿದ್ದಲು, ತೈಲ, ಅನಿಲ ತೆಗೆಯುವವರು, ನಮ್ಮ ಕೋಲ್ ಇಂಡಿಯಾ ಕೂಡ ಅದರಲ್ಲಿದೆ. ಅವರ ಲೆಕ್ಕಕ್ಕೆ ಹಾಕಿದ ಮಾಲಿನ್ಯದಲ್ಲಿ ಶೇ 90ರಷ್ಟು ಹೊಮ್ಮುವುದು ಅವರು ಮಾರಿದ ಇಂಧನವನ್ನು ಬೇರೆಯವರು ಸುಟ್ಟಾಗ. ಗಣಿಯಿಂದ ಹೊರಟ ಕಲ್ಲಿದ್ದಲಿನ ಬಿಸಿ ಕೊನೆಗೆ ಬರುವುದು ನಮ್ಮ ಬಚ್ಚಲಿನ ಬಕೆಟ್ಟಿಗೇ.

ಬಕೆಟ್ಟುಗಳೂ ಒಂದೇ ಅಳತೆಯವಲ್ಲ. ವರ್ಷಕ್ಕೆ ತಲಾ ಇಂಗಾಲದ ಡೈಆಕ್ಸೈಡ್ ಲೆಕ್ಕ ಭಾರತದಲ್ಲಿ ಸುಮಾರು 2 ಟನ್, ಅಮೆರಿಕದಲ್ಲಿ 14. ಆ 2 ಟನ್ ಕೂಡ ಎಸಿ ಕೋಣೆಯನ್ನೂ ತಗಡಿನ ಶೆಡ್ಡನ್ನೂ ಕೂಡಿಸಿ ಭಾಗಿಸಿದ್ದು. ಶೆಡ್ಡಿನಲ್ಲಿ ಇರುವವರಿಗೆ ಮಿತವ್ಯಯ ಬೋಧಿಸುವುದು ಅಸಹ್ಯ. ದಿನಕ್ಕೆ ನೂರು ಸಲ ಸ್ವಿಚ್ ನೋಡುವುದಕ್ಕಿಂತ ಹತ್ತು ವರ್ಷಕ್ಕೊಮ್ಮೆ ಫ್ರಿಜ್, ಗೀಸರ್, ಗಾಡಿ ಕೊಳ್ಳುವಾಗ, ಮನೆಗೆ ಕಿಟಕಿ ಎಲ್ಲಿಡಬೇಕೆಂದು ಮೇಸ್ತ್ರಿಗೆ ಹೇಳುವಾಗ, ಓಟು ಕೇಳಲು ಬಂದವರಿಗೆ ಬಸ್ಸಿನ ಬಗ್ಗೆ ಪ್ರಶ್ನೆ ಹಾಕುವಾಗ ಒಂದು ಕುಟುಂಬದ ಹೊಣೆ ಹೆಚ್ಚು ಫಲ ಕೊಡುತ್ತದೆ. ಆಯ್ಕೆ ಮಾಡುವ ಶಕ್ತಿ ಇರುವವರ ಮಾತು ಇದು.

ಆಯ್ಕೆಯ ಪ್ರಶ್ನೆ ನಿಜಕ್ಕೂ ಬಿಗಡಾಯಿಸುವುದು ಹೊಲದಲ್ಲಿ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ, ರಾಜ್ಯದ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ಅವಕ್ಕೆ ಹೋಗುತ್ತದೆ. 10 ಎಚ್‌ಪಿವರೆಗೆ ಉಚಿತ, ಅದಕ್ಕಾಗಿ ಸರ್ಕಾರ ವರ್ಷಕ್ಕೆ 10,000 ಕೋಟಿ ರೂಪಾಯಿಗೂ ಹೆಚ್ಚು ಕೊಡುತ್ತದೆ. ಪೇಟೆಯವರು ಇದನ್ನೂ ಪೋಲು ಎನ್ನುತ್ತಾರೆ. ಕೋಲಾರದ ಸಾವಿರ ಅಡಿಗೂ ಆಳದ ಕೊಳವೆಬಾವಿಯಿಂದ ನೀರೆತ್ತಿ ಬೆಳೆದ ಟೊಮೆಟೊವನ್ನು ಕಿಲೋಗೆ ಹತ್ತು ರೂಪಾಯಿಗೆ ಕೊಳ್ಳುವಾಗ ಆ ಕರೆಂಟಿನ ಸಹಾಯಧನ ತಮ್ಮ ಚೀಲಕ್ಕೂ ಬಿತ್ತು ಎಂಬುದು ನೆನಪಾಗುವುದಿಲ್ಲ. ರೈತರಿಗೂ ಈ ವ್ಯವಸ್ಥೆ ಸುಖದ್ದಲ್ಲ. ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ ಎಂದು ಹೇಳಿದರೂ ಅದು ಎಷ್ಟೋ ಕಡೆ ರಾತ್ರಿ ಬರುತ್ತದೆ, ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ಅದೂ ಐದು ಗಂಟೆಗೆ ಇಳಿಯಿತು.

ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಮೀಟರ್ ಬಂದರೆ ಅದರ ಹಿಂದೆಯೇ ಬಿಲ್ ಬರುತ್ತದೆ ಎಂಬ ಅಂಜಿಕೆ ರೈತರದು, ಸಂಘಟನೆಗಳು ಅದಕ್ಕೇ ವಿರೋಧಿಸುತ್ತ ಬಂದಿವೆ. ಮೀಟರ್ ಇಲ್ಲದ ಕಾರಣ ಪಂಪ್‌ಸೆಟ್‌ಗಳ ಬಳಕೆ ಬಹುಪಾಲು ಅಂದಾಜಿನ ಲೆಕ್ಕ, ತಂತಿಯಲ್ಲಿ ಸೋರಿದ್ದನ್ನೂ ಕದ್ದದ್ದನ್ನೂ ಅದೇ ಅಂದಾಜಿನಲ್ಲಿ ಮುಚ್ಚಿಹಾಕಲು ಅವಕಾಶವಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮತ್ತು ಪಂಪ್‌ಸೆಟ್‌ಗಳ ಫೀಡರ್‌ಗಳನ್ನು ಬೇರೆಬೇರೆ ಮಾಡಿದ ಕಡೆ ಒಂದು ಅನುಕೂಲವಾಗಿದೆ. ಯಾವ ರೈತನ ಪಂಪಿಗೂ ಮೀಟರ್ ಕೂರಿಸದೆ, ಉಪಕೇಂದ್ರದಲ್ಲಿ ಆ ಫೀಡರ್‌ಗೆ ಒಂದು ಮೀಟರ್ ಇಟ್ಟರೆ ಊರಿನ ಪಂಪುಗಳೆಲ್ಲ ಸೇರಿ ಎಷ್ಟು ಎಳೆದವು ಎಂದು ತಿಳಿಯುತ್ತದೆ. ಅಂಥದ್ದೇ ಫೀಡರ್‌ಗಳಿಗೆ ಹತ್ತಿರದಲ್ಲೇ ಸೋಲಾರ್ ಘಟಕ ಜೋಡಿಸಿ ಹಗಲಿನಲ್ಲಿ ಕರೆಂಟ್ ಕೊಡುವ ಕೆಲಸ ಕುಸುಮ್ ಯೋಜನೆಯಡಿ ನಡೆದಿದೆ. ಹಗಲು ಕರೆಂಟ್ ಬಂದರೆ ರೈತನಿಗೆ ರಾತ್ರಿಯ ನಿದ್ದೆ ಸಿಗುತ್ತದೆ, ಸಂಜೆಯ ಒತ್ತಡ ಗ್ರಿಡ್‌ನಿಂದ ಇಳಿಯುತ್ತದೆ. ಕೊಳವೆಬಾವಿಯ ನೀರು ಇನ್ನಷ್ಟು ಬೇಗ ಬತ್ತುತ್ತದೆಯೇ ಎಂಬುದು ಈಗ ಅಂತರ್ಜಲ ತಜ್ಞರು ಎತ್ತುತ್ತಿರುವ ತಕರಾರು.